ಮಲಗಿಸಿ ನೋಡಿದ ಹೃದಯ

ಜೂನ್ ೯

ಮೊಂಡಿ,

ಫೋನ್ ಬಿಟ್ಟು ಈ ಕಾಲದಲ್ಲೂ ಕಾಗದ ಬರೆಯುತ್ತಾಳೆ ಅತ್ತೆ ಎಂದು ನಗುತ್ತೀಯ. ನಗು. ನಿವೃತ್ತಿಯಾಗುವವರೆಗೂ ನ್ಯಾಯಾಲಯದಲ್ಲಿ ಕೂತು ಜನ ಆಡಿದ್ದನ್ನು ಆಡಿದ ಹಾಗೆ ಶೀಘ್ರಲಿಪಿಯಲ್ಲಿ ಬರೆದುಕೊಂಡವಳು ನಾನು. ನಿನ್ನೆ ಬಾಯಲ್ಲಿ ಆಡಿದ್ದನ್ನು ಇವತ್ತು 'ನಾನು ಹಾಗೆ ಅಂದೇ ಇಲ್ಲ' ಎನ್ನುವವರನ್ನು ನೋಡಿ ಸಾಕುಸಾಕಾಗಿದೆ. ಅವರಲ್ಲಿ ನಿಮ್ಮಪ್ಪನೂ ಒಬ್ಬ. ಒಡಹುಟ್ಟಿದ ತಮ್ಮ ಎಂದು ರಿಯಾಯಿತಿ ಕೊಡಲಾರೆ.

ವಿಷಯ ಇಷ್ಟು. ನಿನ್ನ ತಂಗಿ, ನಮ್ಮ ಚಿಕ್ಕವಳು, ಮೊನ್ನೆ ಮೈದಾನದಲ್ಲಿ ಮತ್ತೆ ಬಿದ್ದಳು. ಕಳೆದ ಚಳಿಗಾಲದಲ್ಲಿ ಬಿದ್ದಾಗ ಬಿಸಿಲು ಎಂದರು. ಚಳಿಗಾಲದಲ್ಲಿ ಎಂಥ ಬಿಸಿಲೋ, ನಿಮ್ಮಪ್ಪನನ್ನೇ ಕೇಳಬೇಕು. ಈ ಸಲ ನಾನೇ ಕಣ್ಣಾರೆ ಕಂಡೆ. ಕೊನೆಯ ತಿರುವಿನಲ್ಲಿ ಎಲ್ಲರಿಗಿಂತ ಮುಂದಿದ್ದಳು. ಎಡವಿದ್ದಲ್ಲ. ಎಡವಿದವರು ಕೈ ಮುಂದಕ್ಕೆ ಚಾಚುತ್ತಾರೆ. ಇವಳು ಚಾಚಲಿಲ್ಲ. ಹಗ್ಗ ಕಡಿದಾಗ ಒಣಹಾಕಿದ ಸೀರೆ ನೆಲಕ್ಕಿಳಿಯುತ್ತದಲ್ಲ, ಹಾಗೆ ಇಳಿದಳು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು, ನೀರು ಕುಡಿದು, ಏನೂ ಇಲ್ಲ ಎಂದಳು. ಕೊರಳಿಗೆ ಸ್ಟಾಪ್‌ವಾಚ್ ನೇತುಹಾಕಿಕೊಂಡಿದ್ದ ನಿಮ್ಮಪ್ಪ ಮೊದಲು ವಾಚು ನೋಡಿ, ಆಮೇಲೆ ಮಗಳನ್ನು ನೋಡಿದ.

ನಾನೇ ಹಟ ಹಿಡಿದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ರೆಕ್ಸಿನ್ ಮಂಚದ ಮೇಲೆ ಮಲಗಿಸಿ, ಎದೆಗೆ ವೈರು ಅಂಟಿಸಿ, ಗ್ರಾಫ್ ತೆಗೆದರು. ಡಾಕ್ಟರು ಕಾಗದವನ್ನು ಬೆಳಕಿಗೆ ಹಿಡಿದು, ನನಗಲ್ಲ, ಹಿಂದಿನಿಂದ ಬಂದು ನಿಂತ ನಿಮ್ಮಪ್ಪನಿಗೆ ಹೇಳಿದರು: "ಹಾರ್ಟ್ ಫಸ್ಟ್‌ಕ್ಲಾಸಾಗಿದೆ. ಸೆಲೆಕ್ಷನ್ ಹತ್ರ ಬಂತಲ್ಲ, ಈ ವಯಸ್ಸಿನ ಹುಡ್ಗೀರಲ್ಲಿ ಸ್ವಲ್ಪ ನಾಟಕ ಇರತ್ತೆ."

ನಿಮ್ಮಪ್ಪ ನಕ್ಕ. ನಾಟಕ ಎಂಬ ಆ ಮಾತನ್ನು ನಾನು ಮೊದಲ ಸಲ ಕೇಳಿದ್ದು ಬೇರೆಯವಳ ವಿಷಯದಲ್ಲಿ. ಅದು ಇರಲಿ.

ಆರು ವರ್ಷದಿಂದ ಹೃದಯ, ಹೃದಯ ಎನ್ನುತ್ತಿದ್ದೀಯ. ಆ ಲ್ಯಾಬಿನಲ್ಲಿ ನೀನು ಮಾಡುವುದಾದರೂ ಏನು? ನನಗೆ ಅರ್ಥವಾಗುವ ಹಾಗೆ ಬರೆ. ಚಿಕ್ಕವಳ ವಿಷಯ ಏನನ್ನುತ್ತೀಯ, ಅದನ್ನೂ ಬರೆ.

ನಿನ್ನ ಅತ್ತೆ

*

ಜುಲೈ ೨

ಅತ್ತೆ,

ತಡವಾಯಿತು, ಬೈಯಬೇಡಿ. ಚಿಕ್ಕವಳಿಗೆ ಹೊಟ್ಟೆಗೆ ಏನಾದರೂ ಹಾಕಿಕೊಂಡು ಓಡಲು ಹೇಳಿ. ಬರಿಹೊಟ್ಟೆಯಲ್ಲಿ ಓಡಿದರೆ ತಲೆ ಸುತ್ತುವುದು ಸಹಜ.

ನನ್ನ ಕೆಲಸ ಏನು ಎಂದು ಕೇಳಿದಿರಿ. ಇಲ್ಲಿ ಹಾಗೆ ಕೇಳುವವರೇ ಇಲ್ಲ. ಮುಗಿಯಿತೇ ಎಂದು ಕೇಳುವವರೇ ಎಲ್ಲ.

ಹೃದಯದ ಒಂದೊಂದು ಜೀವಕೋಶದ ಒಳಗೂ ತೆಳುಪೊರೆಯ ಒಂದು ಚೀಲವಿದೆ. ಅದರಲ್ಲಿ ಕ್ಯಾಲ್ಸಿಯಂ ದಾಸ್ತಾನು. ಚೀಲದ ಬಾಗಿಲು ತೆರೆದು ಕ್ಯಾಲ್ಸಿಯಂ ಹೊರಗೆ ನುಗ್ಗಿದರೆ ಜೀವಕೋಶ ಬಿಗಿಯುತ್ತದೆ. ಒಂದು ಪಂಪು ಅದನ್ನೆಲ್ಲ ಸೆಳೆದು ಮತ್ತೆ ಚೀಲಕ್ಕೆ ತುಂಬಿದರೆ ಸಡಿಲವಾಗುತ್ತದೆ. ಒಂದು ಬಡಿತ ಎಂದರೆ ಇಷ್ಟೇ. ಪಂಪು ಒಂದು ಪ್ರೋಟೀನು, ಬಾಗಿಲು ಇನ್ನೊಂದು. ಪಂಪಿನ ಕುತ್ತಿಗೆಗೆ ಪುಟ್ಟದೊಂದು ಪ್ರೋಟೀನು ಜೋತುಬಿದ್ದು, ಅದು ಮಿತಿಮೀರಿ ತುಂಬದಂತೆ ಎಳೆದು ಹಿಡಿದಿರುತ್ತದೆ. ಚೀಲದ ಒಳಗೆ ಇನ್ನೊಂದಿದೆ. ಅದು ಕ್ಯಾಲ್ಸಿಯಂ ಕಣಗಳನ್ನು ತಬ್ಬಿಕೊಂಡು ಕೂತಿರುತ್ತದೆ. ನಾವು ಅದನ್ನು ಜಿಪುಣ ಎನ್ನುತ್ತೇವೆ. ಜಿಪುಣ ಬಾಗಿಲಿಗೂ ತಾಗಿಕೊಂಡಿರುತ್ತಾನೆ. ಅಪ್ಪಣೆ ಬರುವ ತನಕ ತೆರೆಯಬೇಡ ಎಂದು ಬಾಗಿಲನ್ನು ತಡೆಯುವವರಲ್ಲಿ ಅವನೂ ಒಬ್ಬ.

ಕೆಲವು ಕುಟುಂಬಗಳಲ್ಲಿ ಹುಟ್ಟಿನಿಂದಲೇ ಈ ಜಿಪುಣನಲ್ಲೊಂದು ಸಣ್ಣ ದೋಷ. ಆ ದೋಷದ ಜಿಪುಣನನ್ನು ತಯಾರಿಸಿ, ಟ್ಯೂಬಿನಲ್ಲಿ ಹಾಕಿ, ಒಳ್ಳೆಯವನ ಪಕ್ಕದಲ್ಲಿಟ್ಟು ಹೋಲಿಸುವುದು ನನ್ನ ಕೆಲಸ. ಗೋಳು ಏನೆಂದರೆ ವ್ಯತ್ಯಾಸವೇ ಕಾಣುವುದಿಲ್ಲ. ಕೆಟ್ಟವನೂ ಅಷ್ಟೇ ಕ್ಯಾಲ್ಸಿಯಂ ಹಿಡಿಯುತ್ತಾನೆ, ಅಷ್ಟೇ ಸಭ್ಯನಾಗಿ ಕೂರುತ್ತಾನೆ. ಈ ಯೋಜನೆ ಕೈಬಿಡು ಎಂದು ನಮ್ಮ ಪ್ರೊಫೆಸರು ಹೋದ ವಾರ ಹೇಳಿಬಿಟ್ಟರು. ತಲೆಚಿಟ್ಟು ಹಿಡಿದಿದೆ ಅತ್ತೆ. ದೋಷ ಇದೆ ಎಂದು ಗೊತ್ತು. ತೋರಿಸಲು ಆಗುತ್ತಿಲ್ಲ.

ನಿಮ್ಮ ಮೊಂಡಿ

*

ಜುಲೈ ೧೭

ಮೊಂಡಿ,

ನಿನ್ನ ಕಾಗದದಲ್ಲಿ ಜಿಪುಣನಿಗೆ ಒಂದೂವರೆ ಪುಟ, ಒಡಹುಟ್ಟಿದ ತಂಗಿಗೆ ಒಂದೂವರೆ ಸಾಲು. ಬರಿಹೊಟ್ಟೆಯಂತೆ. ಅವಳು ಓಡುವ ಮೊದಲು ಏನು ತಿನ್ನುತ್ತಾಳೆ ಎಂದು ನಿನಗೆ ಗೊತ್ತೇ? ನನಗೆ ಗೊತ್ತು, ತಿನ್ನಿಸುವವಳು ನಾನು. ಬೆಪ್ಪುತಕ್ಕಡಿ.

ನಿನಗೆ ಒಬ್ಬಳು ಚಿಕ್ಕತ್ತೆ ಇದ್ದಳು. ನನಗಿಂತ ಚಿಕ್ಕವಳು, ನಿಮ್ಮಪ್ಪನಿಗಿಂತ ದೊಡ್ಡವಳು. ನೀನು ಹುಟ್ಟುವ ಎಷ್ಟೋ ಮೊದಲೇ ಹೋದವಳು. ಅವಳ ಫೋಟೊ ನೋಡಿದ್ದೀಯ, ವಿಷಯ ಕೇಳಿಲ್ಲ, ಯಾಕೆಂದರೆ ನಿಮ್ಮ ಮನೆಯಲ್ಲಿ ಆ ಮಾತು ಎತ್ತಿದರೆ ನಿಮ್ಮಪ್ಪ ಎದ್ದು ಹೊರಗೆ ಹೋಗುತ್ತಾನೆ.

ಅವಳೂ ಬೀಳುತ್ತಿದ್ದಳು. ಅವಳ ಗೆಳತಿಯೊಬ್ಬಳು ಬಾಗಿಲ ಹಿಂದೆ ಅಡಗಿ 'ಬೌ' ಎಂದಾಗ ಬಿದ್ದಳು. ಕೊಕ್ಕೊ ಆಡುವಾಗ ಬಿದ್ದಳು. ಅಮ್ಮ ಬೈದದ್ದಕ್ಕೆ ಬಿಕ್ಕಿ ಬಿಕ್ಕಿ ಅತ್ತು ಬಿದ್ದಳು. ಕೂತಾಗ, ಓದುವಾಗ, ಮಲಗಿದಾಗ ಒಂದು ದಿನವೂ ಬಿದ್ದವಳಲ್ಲ. ಡಾಕ್ಟರು ಅವಳನ್ನು ಮಲಗಿಸಿ ನೋಡಿದರು. ಗುಂಡುಕಲ್ಲಿನ ಹಾಗಿದ್ದಾಳೆ ಎಂದರು. ಆಮೇಲೆ ಮನೆಯಲ್ಲಿ ಅವಳಿಗೆ 'ನಾಟಕ ಕಂಪನಿ' ಎಂದು ಹೆಸರು ಬಿತ್ತು. ಬಿದ್ದ ಕೂಡಲೇ, ಬಂತು ನೋಡಿ ಕಂಪನಿ, ಪರದೆ ಎಳೀರಿ. ಎಲ್ಲರೂ ನಗುವುದು. ಕಣ್ಣು ಬಿಟ್ಟ ಅವಳೂ ನಗುವುದು. ಆ ಹೆಸರು ಇಟ್ಟವನು ಯಾರು ಎಂದು ನಾನು ಬರೆಯುವುದಿಲ್ಲ.

ಪರೀಕ್ಷೆಯ ದಿನ ಬಸ್ಸು ತಡವಾಯಿತು. ಗೇಟಿನಲ್ಲಿರುವಾಗಲೇ ಗಂಟೆ ಹೊಡೆಯಿತು. ಮೆಟ್ಟಿಲು ಹತ್ತಿ ಓಡಿದಳು. ಮರೆತು ಬಂದಿದ್ದ ಕಂಪಾಸು ಪೆಟ್ಟಿಗೆ ಕೊಡಲು ನಾನು ಹಿಂದೆಯೇ ಓಡಿದೆ. ಮೇಲಿನ ಮೆಟ್ಟಿಲಿನಲ್ಲಿ, ಕೈ ಚಾಚದೆ, ಇಳಿದಳು. ಆ ಸಲ ಕಣ್ಣು ಬಿಡಲಿಲ್ಲ. ಪರೀಕ್ಷೆಯ ಭಯ ಎಂದರು ಹೆಡ್‌ಮಾಸ್ತರು. ಹೃದಯ ಬಿಚ್ಚಿ ನೋಡಿದವರು, ಒಂದು ಗೀರೂ ಇಲ್ಲ, ಇಷ್ಟು ಚೆನ್ನಾದ ಹೃದಯ ಯಾಕೆ ನಿಂತಿತೋ ಎಂದರು.

ಸೇತುವೆ ಗಟ್ಟಿಯಿದೆಯೇ ಎಂದು ನೋಡಲು ಬಂದವರು ಗಾಡಿಗಳನ್ನೆಲ್ಲ ತಡೆದು ನಿಲ್ಲಿಸಿ, ಖಾಲಿ ಸೇತುವೆಯನ್ನು ನೋಡಿ, ಗಟ್ಟಿಯಿದೆ ಎಂದು ಬರೆದುಕೊಟ್ಟು ಹೋಗುತ್ತಾರೆಯೇ? ನಮ್ಮ ಮನೆಯ ಇಬ್ಬರು ಹೆಣ್ಣುಮಕ್ಕಳನ್ನು ಹಾಗೆಯೇ ನೋಡಿದ್ದಾರೆ. ಓಡುವಾಗ ಬಿದ್ದವಳನ್ನು ಮಲಗಿಸಿ ನೋಡುತ್ತಾರೆ. ಇಷ್ಟು ವರ್ಷದಲ್ಲಿ ಆ ಮಂಚದ ರೆಕ್ಸಿನ್ ಬದಲಾಗಿದೆ, ಬುದ್ಧಿ ಬದಲಾಗಿಲ್ಲ.

ಜಿಪುಣನ ದೋಷ ಇರುವ ಆ ಕುಟುಂಬಗಳವರು ಏನಾಗುತ್ತಾರೆ? ಅದನ್ನು ನೀನು ಬರೆಯಲೇ ಇಲ್ಲ.

ನಿನ್ನ ಅತ್ತೆ

*

ಜುಲೈ ೨೮

ಅತ್ತೆ,

ಫೋನಿನಲ್ಲಿ ಹೇಳಿದ್ದನ್ನೇ ಬರೆಯುತ್ತಿದ್ದೇನೆ. ಬರೆದದ್ದಕ್ಕೆ ನಿಮ್ಮ ಮನೆಯಲ್ಲಿ ಬೆಲೆ ಹೆಚ್ಚು. ಆಸ್ಪತ್ರೆಯಲ್ಲಿ ತೋರಿಸಿ ಬರುವವರೆಗೆ ಚಿಕ್ಕವಳು ಓಡಬಾರದು. ಬಸ್ಸು ಹಿಡಿಯಲೂ ಓಡಬಾರದು.

ಅಂಥ ಕುಟುಂಬಗಳಲ್ಲಿ ಏನಾಗುತ್ತದೆ ಎಂದು ಕೇಳಿದಿರಿ. ಮಕ್ಕಳು ಓಡುವಾಗ, ಈಜುವಾಗ, ಬೆಚ್ಚಿಬಿದ್ದಾಗ ಕುಸಿಯುತ್ತಾರೆ. ಮಲಗಿಸಿ ತೆಗೆದ ಗ್ರಾಫ್ ಚೆನ್ನಾಗಿರುತ್ತದೆ. ಹೃದಯದ ಆಕಾರವೂ ಚೆನ್ನಾಗಿರುತ್ತದೆ. ನಾನು ಬರೆದ ಪ್ರತಿಯೊಂದು ವರದಿಯ ಮೊದಲ ಪ್ಯಾರಾದಲ್ಲೇ ಇದು ಇದೆ. ಅದು ಎಲ್ಲೋ ಯಾರದೋ ಮನೆಯ ಮಾತು ಎಂದುಕೊಂಡು ಬರೆದಿದ್ದೆ. ನಿಮ್ಮ ಕಾಗದ ಓದಿದ ಕೂಡಲೇ ನಿಮಗೆ ಫೋನ್ ಮಾಡಿದೆ.

ಓಡಿದಾಗ, ಹೆದರಿದಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ. ಪಂಪಿನ ಕುತ್ತಿಗೆಗೆ ಜೋತುಬಿದ್ದ ಆ ಪುಟ್ಟ ಪ್ರೋಟೀನು ಆಗ ಹಿಡಿತ ಸಡಿಲಿಸುತ್ತದೆ. ಪಂಪು ಬಿರುಸಾಗಿ ತುಂಬುತ್ತದೆ, ಚೀಲ ಉಬ್ಬುತ್ತದೆ. ಜಿಪುಣ ಸರಿಯಿದ್ದು ಬಾಗಿಲೂ ಸರಿಯಿದ್ದರೆ ಎಲ್ಲ ಸಾಂಗವಾಗಿ ನಡೆಯುತ್ತದೆ. ಇಬ್ಬರಲ್ಲಿ ಒಬ್ಬರ ಹಿಡಿತ ತಪ್ಪಿದರೂ ಬಾಗಿಲು ಅಪ್ಪಣೆಗೆ ಕಾಯುವುದಿಲ್ಲ. ಕ್ಯಾಲ್ಸಿಯಂ ಹೊತ್ತಲ್ಲದ ಹೊತ್ತಿನಲ್ಲಿ ಸೋರಿ, ಹೃದಯ ಹೊತ್ತಲ್ಲದ ಹೊತ್ತಿನಲ್ಲಿ ಬಡಿಯುತ್ತದೆ. ಸುಮ್ಮನೆ ಮಲಗಿದವಳಲ್ಲಿ ಇದು ಕಾಣುವುದೇ ಇಲ್ಲ. ನನ್ನ ಟ್ಯೂಬಿನಲ್ಲೂ ಕಾಣಲಿಲ್ಲ, ಯಾಕೆಂದರೆ ಸುಮ್ಮನಿರುವ ಹೃದಯದ ಚೀಲದಲ್ಲಿ ಎಷ್ಟು ಕ್ಯಾಲ್ಸಿಯಂ ಇರುತ್ತದೋ ಅಷ್ಟನ್ನೇ ಹಾಕಿ ನಾನೂ ನೋಡಿದ್ದೆ. ನಾನೂ ಮಲಗಿಸಿಯೇ ನೋಡಿದೆ ಅತ್ತೆ.

ಟ್ರೆಡ್‌ಮಿಲ್ ಎಂಬ ಯಂತ್ರದ ಮೇಲೆ ನಿಂತಲ್ಲೇ ಓಡಿಸುತ್ತಾ ಗ್ರಾಫ್ ತೆಗೆಯಬೇಕು, ಪಕ್ಕದಲ್ಲಿ ಹೃದಯದ ವೈದ್ಯರು ನಿಂತಿರಬೇಕು. ನಿಮ್ಮ ದೊಡ್ಡಾಸ್ಪತ್ರೆಯ ವೈದ್ಯೆಗೆ ನಾನೇ ಬರೆದಿದ್ದೇನೆ. ಅಪ್ಪನಿಗೆ ಮೂರು ಸಲ ಹೇಳಿದೆ. ಮೂರನೇ ಸಲ ಫೋನ್ ಇಟ್ಟುಬಿಟ್ಟರು.

ನಿಮ್ಮ ಮೊಂಡಿ

*

ಆಗಸ್ಟ್ ೧೧

ಮಗಳೇ,

ನೀನು ಓದಿದವಳು, ಸಂತೋಷ. ನಿಮ್ಮತ್ತೆ ನ್ಯಾಯಾಲಯದಲ್ಲಿ ಕೂತು ಕೂತು, ಕಂಡವರನ್ನೆಲ್ಲ ಕಟಕಟೆ ಹತ್ತಿಸುವ ಚಾಳಿ ಬೆಳೆಸಿಕೊಂಡಿದ್ದಾಳೆ. ಇಬ್ಬರೂ ಸೇರಿ ಆರೋಗ್ಯವಾಗಿರುವ ಹುಡುಗಿಯ ತಲೆಯಲ್ಲಿ ಹುಳ ಬಿಡಬೇಡಿ.

ಸೆಪ್ಟೆಂಬರಿನಲ್ಲಿ ಅವಳ ಆಯ್ಕೆಯ ಓಟ. ಎಂಟು ವರ್ಷದಿಂದ ಬೆಳಗಿನ ಜಾವ ಎದ್ದು ಅವಳನ್ನು ಮೈದಾನಕ್ಕೆ ಕರೆದುಕೊಂಡು ಹೋದವನು ನಾನು. ಗ್ರಾಫ್ ಸರಿಯಿದೆ ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಈಗ ಹೃದಯದ ಕಾಯಿಲೆ ಇರಬಹುದು ಎಂದು ಸುದ್ದಿ ಹಬ್ಬಿದರೆ ಆಯ್ಕೆ ಸಮಿತಿಯವರು ಹೆಸರು ಹೊಡೆದು ಹಾಕುತ್ತಾರೆ. ಓಟ ಮುಗಿಯಲಿ, ಆಮೇಲೆ ಯಾವ ಯಂತ್ರವನ್ನಾದರೂ ಹತ್ತಿಸಿ.

ಸತ್ತವಳ ವಿಷಯ ಎತ್ತಿದ್ದೀಯ. ನಾನಾಗ ಹನ್ನೆರಡು ವರ್ಷದವನು. ಆ ಮಾತು ಇನ್ನು ಮುಂದೆ ಬೇಡ.

ಅಪ್ಪ

*

ಸೆಪ್ಟೆಂಬರ್ ೨೧

ಮೊಂಡಿ,

ನನ್ನ ತಮ್ಮನಿಗೆ ತಿಂಗಳೆಲ್ಲ ಹೇಳಿದೆ. ಬೇಡಿದೆ, ಬೈದೆ, ಊಟ ಬಿಟ್ಟೆ. ನಿನ್ನ ಕಾಗದದ ನಕಲು ತೆಗೆದು ಕೊಟ್ಟರೆ ಶೂ ಒಳಗೆ ತುರುಕಲು ಬಳಸಿದ. ನಿಮ್ಮಮ್ಮ ಆಸ್ಪತ್ರೆಯಲ್ಲಿ ಎರಡು ಸಲ ಸಮಯ ಗೊತ್ತುಮಾಡಿದಳು, ಎರಡು ಸಲವೂ ಇವನು ರದ್ದುಮಾಡಿದ. ಆಯ್ಕೆ ಸಮಿತಿಯ ಕಚೇರಿಗೂ ಹೋದೆ. ಕ್ಲಿನಿಕ್ಕಿನ ಗ್ರಾಫ್ ತೆರೆದು ತೋರಿಸಿ, ಸರಿಯಿದೆಯಲ್ಲ ಅಮ್ಮಾ, ಎಂದು ಕುರ್ಚಿ ತೋರಿಸದೆ ಕಳುಹಿಸಿದರು.

ಆದ್ದರಿಂದ ಓಟದ ದಿನ ನಾನು ಮಾಡಿದ್ದನ್ನು ನೀನು ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನಿಂದಲೇ ಕೇಳು. ಪ್ರೇಕ್ಷಕರ ಸಾಲಿನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಹೋಗಿ ಟ್ರ್ಯಾಕಿನಲ್ಲಿ ಚಿಕ್ಕವಳು ಓಡಬೇಕಾದ ಪಟ್ಟೆಯ ನಡುವೆ ಹಾಕಿ ಕೂತೆ. ಕೂರುವುದು ಹೇಗೆಂದು ನನಗೆ ಗೊತ್ತು, ಆಯುಷ್ಯವೆಲ್ಲ ಅದನ್ನೇ ಮಾಡಿದವಳು. ಪೀಪಿ ಊದಿದರು. ಕೂತಿದ್ದೆ. ಮೈಕಿನಲ್ಲಿ, ಯಾರೋ ವಯಸ್ಸಾದ ಮಹಿಳೆ ದಾರಿ ತಪ್ಪಿ ಬಂದಿದ್ದಾರೆ, ಸಂಬಂಧಪಟ್ಟವರು ಕರೆದುಕೊಂಡು ಹೋಗಬೇಕು ಎಂದರು. ಸಂಬಂಧಪಟ್ಟವನು ಬಂದ.

"ಅಕ್ಕ, ಎದ್ದೇಳು. ಜನ ನೋಡ್ತಿದಾರೆ."

"ನೋಡ್ಲಿ. ನಾಟಕ ಅಲ್ವಾ, ನೋಡೋಕೇ ಇರೋದು."

ಅವನ ಮುಖ ಕಪ್ಪಿಟ್ಟಿತು. ಅಷ್ಟರಲ್ಲಿ ಚಿಕ್ಕವಳು ಶುರುವಿನ ಗೆರೆಯಿಂದ ನಡೆದು ಬಂದಳು. ನನ್ನನ್ನು ಎಬ್ಬಿಸಲು ಬಂದಳೆಂದುಕೊಂಡೆ. ಬಂದವಳು ನನ್ನ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕೂತು, ಶೂ ಲೇಸು ಬಿಚ್ಚತೊಡಗಿದಳು. ತಲೆ ಎತ್ತದೆ ಹೇಳಿದಳು. ಅವಳ ಮಾತನ್ನು ಅವಳು ಆಡಿದ ಹಾಗೆಯೇ ಬರೆಯುತ್ತಿದ್ದೇನೆ.

"ಅಪ್ಪ, ಬೀಳೋದಕ್ಕೆ ಮುಂಚೆ ನಂಗೆ ಗೊತ್ತಾಗತ್ತೆ. ಎದೆ ಒಳಗೆ ತಪ್ಪು ತಪ್ಪಾಗಿ ಹೊಡ್ಕೊಳತ್ತೆ. ತುಂಬಾ ಸಲ ಆಗಿದೆ, ಬಿದ್ದಿದ್ದು ಮಾತ್ರ ಎರಡು ಸಲ. ಹೇಳಿದ್ರೆ ನಾಟಕ ಅಂತೀರ ಅಂತ ಹೇಳ್ಲಿಲ್ಲ."

ನಿಮ್ಮಪ್ಪ ಸ್ಟಾಪ್‌ವಾಚನ್ನು ಕೊರಳಿನಿಂದ ತೆಗೆದು ಜೇಬಿಗೆ ಹಾಕಿಕೊಂಡ. ನಾವು ಮೂವರೂ ಮೈದಾನದಿಂದ ಹೊರಗೆ ಬಂದೆವು. ಆ ಕುರ್ಚಿಯನ್ನು ಅವನೇ ಹೊತ್ತ.

ನಿನ್ನೆ ಆಸ್ಪತ್ರೆಯಲ್ಲಿ ಓಡಿಸಿ ನೋಡಿದರು. ಹುಡುಗಿಯ ಮುಖದಲ್ಲಿ ಇನ್ನೂ ಬೆವರು ಮೂಡಿರಲಿಲ್ಲ, ತೆರೆಯ ಮೇಲಿನ ಗೆರೆ ಒಮ್ಮೆ ಮೇಲಕ್ಕೆ ಒಮ್ಮೆ ಕೆಳಕ್ಕೆ ಹುಚ್ಚು ಹಿಡಿದ ಹಾಗೆ ಕುಣಿಯತೊಡಗಿತು. ವೈದ್ಯೆ ಯಂತ್ರ ನಿಲ್ಲಿಸಿ ಅವಳನ್ನು ಕೂರಿಸಿ, ಗೆರೆ ಸರಿಹೋಗುವವರೆಗೂ ಕೈ ಹಿಡಿದುಕೊಂಡೇ ಇದ್ದರು. ಆಮೇಲೆ ನಮ್ಮ ಕಡೆ ತಿರುಗಿ, ಇವಳನ್ನು ಇಷ್ಟು ದಿನ ಓಡಿಸುತ್ತಿದ್ದವರು ಯಾರು ಎಂದು ಕೇಳಿದರು. ನಾನು ಬಗ್ಗಿ ಚಿಕ್ಕವಳ ಶೂ ಲೇಸು ಬಿಚ್ಚಿದೆ. ಉತ್ತರ ಕೊಡಬಹುದಿತ್ತು.

ಅಡ್ರಿನಲಿನ್ನಿನ ಅಬ್ಬರ ತಗ್ಗಿಸುವ ಮಾತ್ರೆ ಬರೆದುಕೊಟ್ಟಿದ್ದಾರೆ. ಒಂದು ಹೊತ್ತೂ ತಪ್ಪುವಂತಿಲ್ಲ. ಇನ್ನು ಸ್ಪರ್ಧೆಯಿಲ್ಲ. ನೀನು ಯಾವಾಗ ಬರುತ್ತೀಯ? ಜಿಪುಣನಿಗೆ ರಜೆ ಕೊಡು.

ನಿನ್ನ ಅತ್ತೆ

*

ಅಕ್ಟೋಬರ್ ೩೦

ಅತ್ತೆ,

ರೈಲಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕುಣಿದರೆ ಕ್ಷಮಿಸಿ. ಇಷ್ಟು ದಿನ ಮನೆಯಲ್ಲಿದ್ದೂ ಹೇಳಲಾಗದ್ದನ್ನು ಬರೆಯಬೇಕು. ಚಿಕ್ಕವಳು ಬಾಗಿಲ ಹಿಂದೆಯೇ ಕಿವಿ ಇಟ್ಟಿರುತ್ತಿದ್ದಳು.

ಚಿಕ್ಕವಳು, ಅಪ್ಪ, ನಾನು ಕೊಟ್ಟ ರಕ್ತದಲ್ಲಿ ವಂಶವಾಹಿ ನೋಡಿದ ಫಲಿತಾಂಶ ಹೇಳುವಾಗ ನೀವು ಅಪ್ಪನ ಮೇಲಿನ ಸಿಟ್ಟಿನಿಂದ ಹೊರಗಿನ ಬೆಂಚಿನಲ್ಲೇ ಕೂತಿರಿ. ಒಳಗೆ ಆದದ್ದು ಇದು. ದೋಷ ಇರುವುದು ನಮ್ಮ ಜಿಪುಣನಲ್ಲಿ ಅಲ್ಲ, ಅವನು ತಾಗಿಕೊಂಡಿರುವ ಬಾಗಿಲಿನಲ್ಲಿ. ಆರು ವರ್ಷ ನಾನು ಪಕ್ಕದ ಮನೆಯ ಬಾಗಿಲು ಬಡಿದಿದ್ದೇನೆ. ನಗಬೇಕೋ ಅಳಬೇಕೋ ತಿಳಿಯದೆ ನಕ್ಕೆ, ವೈದ್ಯೆ ನನ್ನನ್ನು ವಿಚಿತ್ರವಾಗಿ ನೋಡಿದರು. ನನ್ನಲ್ಲಿ ಆ ದೋಷ ಇಲ್ಲ. ಚಿಕ್ಕವಳಲ್ಲಿ ಇದೆ. ಅಪ್ಪನಲ್ಲೂ ಇದೆ. ಅವಳಿಗೆ ಬಂದದ್ದು ಅವರಿಂದ.

ಕೆಲವರಲ್ಲಿ ದೋಷವಿದ್ದೂ ತೊಂದರೆ ಕಾಣಿಸದು. ಹಾಗಾಗಿ ವೈದ್ಯೆ ಅಪ್ಪನನ್ನು ಕೇಳಿದರು: ಯಾವತ್ತಾದರೂ ಎದೆ ತಪ್ಪಿ ಬಡಿದುಕೊಂಡದ್ದುಂಟೇ? ಅಪ್ಪ ಗೋಡೆಯ ಮೇಲಿನ ಹೃದಯದ ಚಿತ್ರದ ಕಡೆ ತಿರುಗಿದರು. ಆಮೇಲೆ ಹೇಳಿದರು:

"ಓಡೋದು ಬಿಟ್ಮೇಲೆ ಇಲ್ಲ."

ಅಪ್ಪ ಕಾಲೇಜಿನಲ್ಲಿ ಓಟಗಾರರಾಗಿದ್ದರು, ಆಮೇಲೆ ಬಿಟ್ಟರು ಎಂದು ನಮಗೆಲ್ಲ ಗೊತ್ತು. ಯಾಕೆ ಬಿಟ್ಟಿರಿ ಎಂದು ನಾನು ಯಾವತ್ತೂ ಕೇಳಿಲ್ಲ. ನೀವು ಕೇಳಿದ್ದೀರಾ?

ಇನ್ನೊಂದು ಮಾತು, ಸಿಟ್ಟಾಗಬೇಡಿ. ಚಿಕ್ಕತ್ತೆಗೂ ಇದೇ ಇತ್ತು ಎಂದು ಯಾರೂ ಖಚಿತವಾಗಿ ಹೇಳಲಾರರು. ಪರೀಕ್ಷಿಸಲು ಏನೂ ಉಳಿದಿಲ್ಲ. ನಿಮ್ಮಲ್ಲೂ ದೋಷ ಇದೆಯೇ ನೋಡೋಣ, ನಿಮ್ಮ ರಕ್ತ ಕೊಡಿ ಎಂದು ಮೂರು ವಾರದಿಂದ ಗೋಗರೆಯುತ್ತಿದ್ದೇನೆ. ನಿಮ್ಮಷ್ಟು ಮೊಂಡುತನ ನನಗೂ ಇಲ್ಲ; ಹೆಸರು ಮಾತ್ರ ನನಗೆ.

ನಿಮ್ಮ ಮೊಂಡಿ

*

ನವೆಂಬರ್ ೧೯

ಮೊಂಡಿ,

ನ್ಯಾಯಾಲಯದಲ್ಲಿ ಸಾಂದರ್ಭಿಕ ಸಾಕ್ಷ್ಯ ಎಂಬುದೊಂದಿದೆ. ಅದರ ಮೇಲೆ ಜನರನ್ನು ಜೈಲಿಗೆ ಕಳುಹಿಸಿದ್ದನ್ನು ನಾನು ಬರೆದುಕೊಂಡಿದ್ದೇನೆ. ಖಚಿತ ಅನ್ನುವುದನ್ನು ನಿನ್ನ ಲ್ಯಾಬಿನಲ್ಲೇ ಇಟ್ಟುಕೋ. ಇಲ್ಲ, ಓಟ ಯಾಕೆ ಬಿಟ್ಟೆ ಎಂದು ಅವನನ್ನು ನಾನೂ ಯಾವತ್ತೂ ಕೇಳಲಿಲ್ಲ.

ಇಲ್ಲಿಯ ಸಮಾಚಾರ: ಚಿಕ್ಕವಳು ನಮ್ಮೆಲ್ಲರ ಮೇಲೆ ಕೆಂಡವಾಗಿದ್ದಾಳೆ. ಪದಕಗಳನ್ನೆಲ್ಲ ರಟ್ಟಿನ ಡಬ್ಬಕ್ಕೆ ತುಂಬಿ ನನ್ನ ಮನೆಗೆ ತಂದು ಹಾಕಿದ್ದಾಳೆ. ಬದುಕಿ ಉಳಿದಿದ್ದೀಯಲ್ಲ ಎಂದರೆ, ಕೂತುಕೊಂಡು ಬದುಕೋದು ನಿಮಗೆ ಅಭ್ಯಾಸ ಅತ್ತೆ, ನನಗಲ್ಲ ಎಂದು ನನಗೇ ತಿರುಗಿಸಿ ಕೊಟ್ಟಳು. ಬೈಯಲಿ. ಜೋರಾಗಿ ಬೈದರೂ ಈಗ ಬೀಳುವುದಿಲ್ಲ, ಮಾತ್ರೆ ಕೆಲಸ ಮಾಡುತ್ತಿದೆ. ಆ ಮಾತ್ರೆ ಡಬ್ಬಿಯ ಮುಚ್ಚಳ ಮಾಡಿದವನು ನನ್ನ ಕೈಗೆ ಸಿಗಲಿ. ದಿನಾ ಬೆಳಿಗ್ಗೆ ಅವಳು ಇಲ್ಲಿಗೆ ತಿಂಡಿಗೆ ಬಂದಾಗ ಅಡುಗೆಮನೆಯ ಬಾಗಿಲ ಸಂದಿಗೆ ಸಿಕ್ಕಿಸಿ ತಿರುಗಿಸಬೇಕು.

ನಿಮ್ಮಪ್ಪ ಸಂಜೆ ಹೊತ್ತು ಅವಳ ಜೊತೆ ಮೈದಾನಕ್ಕೆ ಹೋಗುತ್ತಾನೆ. ವೈದ್ಯೆ ನಡೆಯಬಹುದು ಎಂದಿದ್ದಾರೆ, ನಡೆಯುತ್ತಾರೆ. ಇಬ್ಬರೂ ಒಂದೇ ಮಾತ್ರೆ ನುಂಗಿದವರು. ಅವಳು ಬೇಕೆಂದೇ ಎರಡು ಹೆಜ್ಜೆ ಮುಂದೆ ನಡೆಯುತ್ತಾಳೆ, ಅವನು ನಿಧಾನ ನಿಧಾನ ಎಂದು ಹಿಂದಿನಿಂದ ಗೊಣಗುತ್ತಾನೆ. ನಿಧಾನ ಎಂಬ ಪದ ಆ ಬಾಯಲ್ಲಿ ಕೇಳಿದ್ದು ನನ್ನ ಜನ್ಮದಲ್ಲಿ ಇದೇ ಮೊದಲು.

ಭಾನುವಾರ ಅವನು ನನ್ನ ಮನೆಗೆ ಬಂದ. ಬಂದವನು ಕಾಫಿ ಕುಡಿದ. ಪೇಪರು ಓದಿದ. ನಲ್ಲಿ ಸೋರುತ್ತಿದೆ ಎಂದು ವಾಷರ್ ಬದಲಾಯಿಸಿದ. ಮತ್ತೆ ಪೇಪರು ಓದಿದ, ಓದಿದ ಪುಟವನ್ನೇ. ನನಗೆ ರೇಗಿತು. ಬಂದ ಕೆಲಸ ಏನು ಹೇಳು, ಇಲ್ಲ ಮನೆಗೆ ನಡಿ ಎಂದೆ. ಫೋಟೊದ ಮುಂದೆ ಹೋಗಿ ನಿಂತ. ನಿನ್ನ ಚಿಕ್ಕತ್ತೆ ಅದರಲ್ಲಿ ಎರಡು ಜಡೆ ಹಾಕಿಕೊಂಡು, ಫೋಟೊ ತೆಗೆಯುವವನು ಏನೋ ತಮಾಷೆ ಮಾಡಿದ ಹಾಗೆ ನಗು ತಡೆದುಕೊಂಡು ನಿಂತಿದ್ದಾಳಲ್ಲ, ಅದನ್ನೇ ನೋಡುತ್ತಾ ನನಗೆ ಬೆನ್ನು ಹಾಕಿ ಮಾತಾಡಿದ.

ಇಷ್ಟು ವರ್ಷ ಈ ಗಳಿಗೆಗೆ ಕಾದವಳು ನಾನು. ಹೇಳಬೇಕಾದ್ದನ್ನೆಲ್ಲ ಪಾಠ ಮಾಡಿ ಇಟ್ಟುಕೊಂಡಿದ್ದೆ. ಆದರೆ ಕೈ, ಹಳೆಯ ಅಭ್ಯಾಸ ನೋಡು, ಮೇಜಿನ ಮೇಲೆ ಪೆನ್ಸಿಲ್ ಹುಡುಕಿತು. ಪೇಪರಿನ ಅಂಚಿನಲ್ಲಿ ಶೀಘ್ರಲಿಪಿಯಲ್ಲಿ ಬರೆದುಕೊಂಡೆ. ಅವನು ಹೋದ ಮೇಲೆ ಗೀಚು ಬಿಡಿಸಿ ಇಲ್ಲಿ ಇಳಿಸುತ್ತಿದ್ದೇನೆ. ಒಂದಕ್ಷರ ಸೇರಿಸಿಲ್ಲ, ಬಿಟ್ಟಿಲ್ಲ. ಇದನ್ನು ನೀನು ಇಟ್ಟುಕೊಂಡಿರು. ಚಿಕ್ಕವಳ ಸಿಟ್ಟು ಇಳಿದ ಮೇಲೆ ಅವಳಿಗೂ ಓದಿ ಹೇಳು.

"ಅಕ್ಕ, ಅವ್ಳು ಕಣ್ಣು ಬಿಟ್ಟು ನಗ್ತಿದ್ಲಲ್ಲ, ಅದೊಂದೇ ನಾಟಕ. ಮಿಕ್ಕಿದ್ದೆಲ್ಲ ನಿಜ."

ಬುಧವಾರ ರಕ್ತ ಕೊಟ್ಟು ಬರುತ್ತೇನೆ. ಅವನೇ ಕರೆದುಕೊಂಡು ಹೋಗುತ್ತಾನಂತೆ.

ನಿನ್ನ ಅತ್ತೆ